ಮಾಂಟ್ರಿಯಲ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಇಲ್ಲಿ 'ನ್ಯಾಷನಲ್' ಎಂದರೆ ಯಾವುದು?

ಕ್ವಿಬೆಕ್‌ನ ಬೋರ್ಡುಗಳಲ್ಲಿ 'ನ್ಯಾಷನಲ್' ಎಂದು ಕಂಡರೆ ಅದು ಕೆನಡಾದ್ದು ಎಂದುಕೊಳ್ಳಬೇಡಿ. ಪ್ರಾಂತ್ಯದ ವಿಧಾನಸಭೆಗೆ 1968ರಿಂದ ನ್ಯಾಷನಲ್ ಅಸೆಂಬ್ಲಿ ಎಂದೇ ಹೆಸರು. ಜೂನ್ 24ರ ಹಬ್ಬಕ್ಕೂ ಅದೇ ಪದ. ನಮ್ಮ ಮಾತಿನಲ್ಲಿ 'ರಾಷ್ಟ್ರ'ಕ್ಕಿಂತ 'ನಾಡು' ಇದಕ್ಕೆ ಹತ್ತಿರ. ಕೆಬೆಕ್ವಾಗಳು, ಅಂದರೆ ಕ್ವಿಬೆಕ್ ಜನ, ಒಗ್ಗಟ್ಟಿನ ಕೆನಡಾದೊಳಗಿನ ಒಂದು ನೇಷನ್ ಎಂದು ಕೆನಡಾ ಸಂಸತ್ತೇ 2006ರ ನವೆಂಬರಿನಲ್ಲಿ ಗೊತ್ತುವಳಿ ಮಾಡಿದೆ. ಗೊತ್ತುವಳಿ ಹಾಗಿರಲಿ, ನಾಡಿನ ಗಡಿ ನಿಮಗೆ ತಿಳಿಯುವುದು ಫಾರ್ಮು ತುಂಬುವಾಗ.

ಮೊದಲು ಮನೆ. ಬೇರೆ ಪ್ರಾಂತ್ಯಗಳಲ್ಲಿ ಕಾಮನ್ ಲಾ, ಇಲ್ಲಿ ಫ್ರೆಂಚ್ ಪರಂಪರೆಯ ಸಿವಿಲ್ ಕೋಡ್. ಅದರಂತೆ ಮಾಲೀಕರು ಮುಂಗಡ ಕೇಳಬಹುದಾದದ್ದು ಮೊದಲ ತಿಂಗಳ ಬಾಡಿಗೆ ಮಾತ್ರ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೆ ಒಗ್ಗಿದವರು ಕೇಳಿದ ಕೂಡಲೇ ಡೆಪಾಸಿಟ್ ಕೊಟ್ಟುಬಿಡುತ್ತಾರೆ, ಕೊಡಬೇಕಿಲ್ಲ. ಜಾಹೀರಾತಿನ '3½' ಎಂದರೆ ಅಡುಗೆಮನೆ, ಹಾಲ್, ಒಂದು ಬೆಡ್‌ರೂಮ್. ಆ ಅರ್ಧ ಬಚ್ಚಲುಮನೆ. ಬಹುತೇಕ ಕರಾರುಗಳು ಜೂನ್ 30ಕ್ಕೆ ಮುಗಿಯುವುದರಿಂದ, ಜುಲೈ 1ರ ಕೆನಡಾ ದಿನದಂದು ಮಾಂಟ್ರಿಯಲ್ ಸೋಫಾ ಹೊತ್ತು ಮೆಟ್ಟಿಲಿಳಿಯುತ್ತಿರುತ್ತದೆ. ಅಂದು ಲಾರಿ ಬೇಕಿದ್ದರೆ ತಿಂಗಳುಗಟ್ಟಲೆ ಮುಂಚೆ ಗೊತ್ತುಮಾಡಿ.

ಸಂಬಳದವರಿಗೆ ಫೆಬ್ರವರಿ ಕೊನೆಯ ಹೊತ್ತಿಗೆ ಎರಡು ಚೀಟಿ ಬರುತ್ತವೆ: ಟಿ4 ಒಟ್ಟಾವಾದ ಕೇಂದ್ರ ಸರ್ಕಾರಕ್ಕೆ, ರೆಲವೆ 1 ಕ್ವಿಬೆಕ್‌ಗೆ. ತೆರಿಗೆ ರಿಟರ್ನೂ ಎರಡು, ಗಡುವು ಏಪ್ರಿಲ್ 30. ಟೊರೊಂಟೊ ಗೆಳೆಯರನ್ನು ಕೇಳಿ ಒಂದನ್ನೇ ಹಾಕುವುದು ಮಾಮೂಲಿ ತಪ್ಪು. ಗಂಡ ಹೆಂಡತಿ ಇಬ್ಬರೂ, ದುಡಿಮೆ ಇರಲಿ ಬಿಡಲಿ, ಕ್ವಿಬೆಕ್ ರಿಟರ್ನ್ ಹಾಕದಿದ್ದರೆ ಪ್ರಾಂತ್ಯದ ಮಕ್ಕಳ ಭತ್ಯೆ ನಿಲ್ಲುತ್ತದೆ. ಆರೋಗ್ಯ ಕಾರ್ಡಿಗೆ ಮೂರು ತಿಂಗಳವರೆಗೆ ಕಾಯಬೇಕಾಗಬಹುದು. ಅಷ್ಟಕ್ಕೆ ಖಾಸಗಿ ವಿಮೆ ಮಾಡಿಸಿ.

ಹೆಚ್ಚು ಎಡವುವುದು ಶಾಲೆಯಲ್ಲಿ. 1977ರ ಫ್ರೆಂಚ್ ಭಾಷಾ ಕಾಯ್ದೆ ಬಿಲ್ 101ರ ಪ್ರಕಾರ ವಲಸಿಗರ ಮಕ್ಕಳು ಪ್ರೌಢಶಾಲೆ ಮುಗಿಯುವವರೆಗೆ ಫ್ರೆಂಚ್ ಶಾಲೆಗೇ ಹೋಗಬೇಕು. ಸರ್ಕಾರಿ ಇಂಗ್ಲಿಷ್ ಶಾಲೆಗೆ ಅರ್ಹತೆ ಸಾಮಾನ್ಯವಾಗಿ ಸಿಗುವುದು ತಂದೆ ಅಥವಾ ತಾಯಿ ಕೆನಡಾದಲ್ಲೇ ಇಂಗ್ಲಿಷಿನಲ್ಲಿ ಪ್ರಾಥಮಿಕ ಶಿಕ್ಷಣ ಪಡೆದಿದ್ದರೆ. ಮೈಸೂರಿನ ಕಾನ್ವೆಂಟ್ ಲೆಕ್ಕಕ್ಕಿಲ್ಲ. ತಾತ್ಕಾಲಿಕ ವರ್ಕ್ ಪರ್ಮಿಟ್ ಮೇಲೆ ಬಂದವರ ಮಕ್ಕಳಿಗೆ ವಿನಾಯಿತಿ ಇದೆ, ಹೆಚ್ಚೆಂದರೆ ಮೂರು ವರ್ಷ. ಅದನ್ನು ಬಳಸಿಕೊಂಡು ಆಮೇಲೆ ಇಲ್ಲೇ ಉಳಿದರೆ, ಎರಡನೇ ಕ್ಲಾಸಿಗೆ ಸೇರಿದ ಮಗು ಐದನೇ ಕ್ಲಾಸಿನಲ್ಲಿ ಹೊಸ ಭಾಷೆಗೆ ಬೀಳುತ್ತದೆ. ಉಳಿಯುವ ಯೋಚನೆಯಿದ್ದರೆ ಮೊದಲ ದಿನದಿಂದಲೇ ಫ್ರೆಂಚ್ ಶಾಲೆಗೆ ಹಾಕಿ. ಹೊಸ ಮಕ್ಕಳಿಗೆ ಭಾಷೆ ಕಲಿಸಲೆಂದೇ 'ಸ್ವಾಗತ ತರಗತಿ'ಗಳಿವೆ.

ದೊಡ್ಡವರಿಗೂ ಬಿಡುವಿಲ್ಲ. 2022ರ ಬಿಲ್ 96ರಿಂದಾಗಿ, ಬಂದು ಆರು ತಿಂಗಳಾದ ಮೇಲೆ ಪ್ರಾಂತ್ಯದ ಕಚೇರಿಗಳು ನಿಮ್ಮೊಡನೆ ಫ್ರೆಂಚಿನಲ್ಲೇ ವ್ಯವಹರಿಸಬೇಕು. ಆರೋಗ್ಯ, ಸಾರ್ವಜನಿಕ ಸುರಕ್ಷತೆಯಂಥವಕ್ಕೆ ವಿನಾಯಿತಿ. ಫ್ರೆಂಚ್ ಕಲಿಸುವ ಸರ್ಕಾರಿ ಸಂಸ್ಥೆ ಫ್ರಾನ್ಸಿಸಾಸಿಯೋಂ ಕೆಬೆಕ್‌ನ ತರಗತಿಗಳು ಉಚಿತ. ಬಂದ ವಾರವೇ ಅರ್ಜಿ ಹಾಕಿ, ಸೀಟಿಗೆ ಕಾಯಬೇಕಾದೀತು. ಅಷ್ಟರಲ್ಲಿ ಅಂಗಡಿ ಹೊಕ್ಕಾಗ 'ಬೊಂಜೂರ್' ಎಂದು ಶುರುಮಾಡಿ, ಮುಂದೆ ತಡವರಿಸಿದರೂ ನಡೆಯುತ್ತದೆ. ಫ್ರಾನ್ಸಿನಲ್ಲೇ 'ಸ್ಟಾಪ್' ಎನ್ನುವ ರಸ್ತೆ ಫಲಕ ಇಲ್ಲಿ 'ಆರೆ' ಎನ್ನುತ್ತದೆ, ನೋಡಿ.

ಆಫೀಸಿನ ಊಟದ ಮೇಜಿನಲ್ಲಿ ಒಂದು ಎಚ್ಚರ. ಫ್ರೆಂಚ್ ಮಾತಾಡುವವರೆಲ್ಲ ಪ್ರತ್ಯೇಕ ದೇಶ ಕೇಳುವವರಲ್ಲ. ನಾಡು ಎನ್ನುವುದರಲ್ಲಿ ತಕರಾರು ಕಡಿಮೆ. ದೇಶ ಬೇಕೇ ಎಂಬಲ್ಲಿ ಮನೆಯೊಳಗೇ ಎರಡು ಮಾತು. 1995ರ ಜನಮತದಲ್ಲಿ ಬೇಡ ಎಂದವರು ಶೇ. 50.58.