ತಾಯಿಯದೋ ತಂದೆಯದೋ: ಇಲಿಯ ಪ್ರೋಟೀನನ್ನು ಜೆಲ್ ಮೇಲೇ ಹಿಡಿದ ಬಗೆ

ಕೆಲವು ಜೀನುಗಳ ಎರಡು ಪ್ರತಿಗಳಲ್ಲಿ ತಾಯಿಯದೋ ತಂದೆಯದೋ ಒಂದೇ ಕೆಲಸ ಮಾಡುತ್ತದೆ; ಇದೇ ಇಂಪ್ರಿಂಟಿಂಗ್. ಪ್ರೋಟೀನುಗಳನ್ನು ಒಂದು ದಿಕ್ಕಿನಲ್ಲಿ ಪಿಎಚ್, ಇನ್ನೊಂದರಲ್ಲಿ ತೂಕದ ಮೇಲೆ ಬೇರ್ಪಡಿಸಿ ಸ್ಪಾಟುಗಳಾಗಿ ತೋರಿಸುವ ಟು-ಡಿ ಜೆಲ್‌ನಲ್ಲಿ ಅದು ಕಾಣಿಸದು ಎಂದವರೇ ಪುಣೆಯಲ್ಲಿ ಹೆಚ್ಚು. ಕಾಣಿಸಿತು. ಸ್ಪಾಟಿನ ಗಾತ್ರವನ್ನು ಬಿಟ್ಟು ಅದು ನಿಂತ ಜಾಗ ನೋಡಿದ್ದರಿಂದ ಕಾಣಿಸಿತು. ಬಿ6, ಕಾಸ್ಟ್ ಎಂಬ ಇಲಿ ತಳಿಗಳ ಒಂದೇ ಪ್ರೋಟೀನು ಬೇರೆ ಬೇರೆ ಪಿಎಚ್‌ನಲ್ಲಿ ನಿಲ್ಲುವಂತಿದ್ದರೆ ಅವೆರಡರ ಮಿಶ್ರ ಮರಿಯಲ್ಲಿ (ಎಫ್1) ಎರಡೂ ಸ್ಪಾಟ್ ಬರಬೇಕು. ಬಿ6 ತಾಯಿಯ ಮರಿಯಲ್ಲಿ ಒಂದು, ಕಾಸ್ಟ್ ತಾಯಿಯ ಮರಿಯಲ್ಲಿ ಇನ್ನೊಂದು ಮಾಯವಾದರೆ ಲೆಕ್ಕಕ್ಕೆ ತಗೊಳ್ಳಿ. ಗಾತ್ರವನ್ನು ನಂಬಬೇಡಿ, ಅದರ ಏರುಪೇರು ತಾಯಿಯ ಗರ್ಭದಿಂದಲೂ ಹಾಲಿನಿಂದಲೂ ಬರುತ್ತದೆ.

ದುಡ್ಡು ಹೋಗುವುದು ಕಾಸ್ಟ್ ತರಿಸುವುದರಲ್ಲಿ. ಇಲಿಗಿಂತ ಸಾಗಣೆ, ಕ್ವಾರಂಟೈನ್ ಖರ್ಚೇ ಜಾಸ್ತಿ, ಎಲ್ಲ ಸೇರಿ ಲಕ್ಷಗಳ ಮಾತು. ಹಾಗಾಗಿ ಕೈ ಪಳಗುವವರೆಗೆ ಬಿ6 ಮತ್ತು ಬಾಲ್ಬ್-ಸಿ ಗಂಡಿಲಿಗಳ ಮೂತ್ರ ಸಾಕು. ಅದರ ಮಪ್ (ಮೂತ್ರದ ಮುಖ್ಯ) ಪ್ರೋಟೀನುಗಳು 18–19 ಕಿಲೋಡಾಲ್ಟನ್ ಹತ್ತಿರ ಚೆನ್ನಾಗಿ ಕೂರುತ್ತವೆ, ಎರಡು ತಳಿಗಳ ಮಾದರಿಯೂ ಬೇರೆ, ಇಲಿಯನ್ನು ಕೊಲ್ಲಬೇಕಿಲ್ಲ. ಪಿಎಚ್ ಮೇಲೆ ಬೇರ್ಪಡಿಸುವ ಜೆಲ್ ಪಟ್ಟಿ, ಅಂದರೆ ಸ್ಟ್ರಿಪ್, 7 ಸೆಂ.ಮೀ. ಇದ್ದರೂ ಆಗುತ್ತದೆ.

ಅಸಲಿ ಕೆಲಸಕ್ಕೆ 18 ಸೆಂ.ಮೀ. ಸ್ಟ್ರಿಪ್, ಪಿಎಚ್ 4–7. ಸಿಲ್ವರ್ ಬಣ್ಣಕ್ಕೆ ಸುಮಾರು 100 ಮೈಕ್ರೋಗ್ರಾಂ ಪ್ರೋಟೀನು, ಸ್ಪಾಟ್ ಕತ್ತರಿಸುವುದಿದ್ದರೆ ಕೂಮಾಸಿ ಬಣ್ಣಕ್ಕೆ ಅದರ ನಾಲ್ಕೈದು ಪಟ್ಟು. 8 ಮೋಲಾರ್ ಯೂರಿಯಾ, 2% ಚಾಪ್ಸ್ (ಸಾಬೂನಿನಂಥದ್ದು) ಇರುವ ದ್ರಾವಣದಲ್ಲಿ ಸ್ಟ್ರಿಪ್ ರಾತ್ರಿಯಿಡೀ ನೆನೆಸಿ, 20 ಡಿಗ್ರಿಯಲ್ಲಿ 35–40 ಸಾವಿರ ವೋಲ್ಟ್-ಅವರ್.

ಕೆಡುವುದು ಹೆಚ್ಚಾಗಿ ಯೂರಿಯಾದಿಂದ. ಕರಗಲಿಲ್ಲವೆಂದು ಬಿಸಿ ಮಾಡಿ 37 ಡಿಗ್ರಿ ದಾಟಿಸಿದರೆ ಅದರಿಂದ ಹುಟ್ಟುವ ಸೈಯನೇಟ್ ಪ್ರೋಟೀನಿನ ಲೈಸಿನ್ ಅಮೈನೋ ಆಮ್ಲಕ್ಕೆ ಅಂಟಿ, ಆಮ್ಲದ ಕಡೆಗೆ ಹೊಸ ಸ್ಪಾಟ್ ಏಳುತ್ತದೆ. ಥೇಟ್ ಇನ್ನೊಂದು ತಳಿಯ ಸ್ಪಾಟಿನ ಹಾಗೆ! ಡಿಸೆಂಬರಿನ ಪುಣೆ ಚಳಿಯಲ್ಲಿ ಯೂರಿಯಾ ಹರಳುಗಟ್ಟುವುದರಿಂದ ಬಿಸಿ ಮಾಡುವ ಆಸೆಯೂ ಹೆಚ್ಚು; ಸುಮ್ಮನೆ ಹೊಸದಾಗಿ ಕಲಸಿ. ಪರೀಕ್ಷೆಗೆ ಎರಡು ತಳಿಗಳ ಸಾರವನ್ನು ಸಮಸಮ ಬೆರೆಸಿ ಪ್ರತಿ ಸಲವೂ ಪಕ್ಕದಲ್ಲೇ ಓಡಿಸಿ. ಆ ನಕಲಿ ಎಫ್1ನಲ್ಲಿ ಜೋಡಿ ಕಾಣದಿದ್ದರೆ ಆ ಸ್ಪಾಟ್ ಬಿಟ್ಟುಬಿಡಿ.

ಇನ್ನು ಯಾವ ಅಂಗಾಂಶ ಆರಿಸುವುದು? ಪ್ಲಾಸೆಂಟಾದಲ್ಲಿ ಎರಡು ಮೋಸ. ಡೆಸಿಡುವಾ ತಾಯಿಯದೇ ಅಂಗಾಂಶ. ಚೂರು ಉಳಿದರೂ ಎಲ್ಲವೂ ತಾಯಿ ಕಡೆಗೆ ವಾಲುತ್ತದೆ. ಜೊತೆಗೆ ಇಲಿಯ ಪ್ಲಾಸೆಂಟಾದಲ್ಲಿ ಅಪ್ಪನ ಎಕ್ಸ್ ಕ್ರೋಮೋಸೋಮ್ ಮುಚ್ಚಿರುತ್ತದೆ, ಆದ್ದರಿಂದ ಹೆಣ್ಣು ಮರಿ ಆರಿಸಿದರೂ ಎಕ್ಸ್ ಪ್ರೋಟೀನುಗಳು ಸುಳ್ಳು ಹೇಳುತ್ತವೆ. ಮಿದುಳೇ ವಾಸಿ, ಅದೂ ಹೆಣ್ಣು ಮರಿಯದು. ಇಂಪ್ರಿಂಟ್ ಆದ ಯುಬಿಇ3ಎ ಎಂಬ ಪ್ರೋಟೀನು ನರಕೋಶದಲ್ಲಿ ತಾಯಿಯ ಪ್ರತಿಯಿಂದ, ಯಕೃತ್ತಿನಲ್ಲಿ ಎರಡರಿಂದಲೂ ಬರುತ್ತದೆ. ಅಂಗಾಂಶ ತಪ್ಪಿದರೆ ಇದ್ದದ್ದೂ ಕಾಣದು.

ಜೆಲ್‌ಗಳನ್ನು ಒಂದರ ಮೇಲೊಂದು ಹೊಂದಿಸುವ ನನ್ನ ಕ್ರಮವನ್ನು ಸದ್ಯಕ್ಕೆ ಹೇಳುವುದಿಲ್ಲ. ಸ್ಪಾಟ್ ಯಾವ ಪ್ರೋಟೀನೆಂದು ಗುರುತಿಸುವ ಮಾಸ್ ಸ್ಪೆಕ್‌ಗೆ ಮಾತ್ರ, ಬಿ6 ತಾಯಿ, ಕಾಸ್ಟ್ ತಾಯಿ ಎರಡೂ ಬಗೆಯ ಜೋಡಿಗಳಲ್ಲಿ ಈ ಪರೀಕ್ಷೆ ಗೆದ್ದ ಸ್ಪಾಟ್‌ಗಳನ್ನಷ್ಟೇ ಕಳಿಸಿ. ಅಲ್ಲಿಗೆ ಬಿಲ್ಲು ಅರ್ಧಕ್ಕಿಂತ ಕೆಳಗಿಳಿಯುತ್ತದೆ.