ನೀತಿ ಕೇಳೋಕೆ ಬಸ್ ಚಾರ್ಜ್ ಕೊಟ್ಟು ಬಂದರು

“ಮೇಡಂ, ನೀತಿ ಕೇಳೋಕೆ ಬಸ್ ಚಾರ್ಜ್ ಕೊಟ್ಟು ಯಾರು ಬರ್ತಾರೆ?”

2019ರಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ಕೇಳಿದ ಮಾತಿದು. ಹೋದ ಅಕ್ಟೋಬರಿನಲ್ಲಿ ಅದೇ ಕಾಲೇಜಿನ ಸಭಾಂಗಣದಲ್ಲಿ ಸುಮಾರು 140 ಜನ ಕೂತಿದ್ದರು. ಅರ್ಧಕ್ಕಿಂತ ಜಾಸ್ತಿ ಹೊರಗಿನವರು. ಸೋಮವಾರಪೇಟೆ ಕಡೆಯಿಂದ, ವಿರಾಜಪೇಟೆ ಕಡೆಯಿಂದ ಬಸ್ಸು ಹತ್ತಿ ಬಂದಿದ್ದರು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಕೊಡಗಿನ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವಳು. ವಿಶ್ವವಿದ್ಯಾಲಯದ ವಿಸ್ತರಣಾ ಕಾರ್ಯಕ್ರಮದ ಲೆಕ್ಕದಲ್ಲಿ ಅನ್ವಯಿಕ ನೀತಿಶಾಸ್ತ್ರದ, ಅಂದರೆ ದಿನನಿತ್ಯದ ಬದುಕಿನ ಸರಿ ತಪ್ಪಿನ ಪ್ರಶ್ನೆಗಳ, ಸಾರ್ವಜನಿಕ ಉಪನ್ಯಾಸಗಳ ಜವಾಬ್ದಾರಿ ನನಗೆ ಬಂತು. ಹೊಸ ಯೋಚನೆ ಏನಲ್ಲ. ಮೈಸೂರು ವಿಶ್ವವಿದ್ಯಾಲಯದವರು 1930ರ ದಶಕದಲ್ಲೇ ಹಳ್ಳಿಗಳಿಗೆ ಹೋಗಿ ಪ್ರಚಾರೋಪನ್ಯಾಸ ಮಾಡುತ್ತಿದ್ದರು. ನೀವೂ ಇಂಥ ಕೆಲಸ ಮಾಡಿದವರೇ ಆಗಿದ್ದರೆ ಪತ್ರ ವ್ಯವಹಾರ, ಅನುಮತಿ, ಮೈಕ್ ಸೆಟ್ಟು ಎಲ್ಲಾ ಗೊತ್ತೇ ಇರುತ್ತದೆ. ಅದನ್ನು ಬಿಡುತ್ತೇನೆ.

ಮೊದಲನೇ ಕಾರ್ಯಕ್ರಮ ಜುಲೈ ತಿಂಗಳಲ್ಲಿ ಇಟ್ಟೆ. ಕೊಡಗಿನ ಜುಲೈ! ಬೆಂಗಳೂರಿನಿಂದ ದೊಡ್ಡ ಪ್ರಾಧ್ಯಾಪಕರನ್ನು ಕರೆಸಿದೆ. ಕಾರಿನ ಬಾಡಿಗೆಯೇ 9,000 ಆಯಿತು. ಲಾಡ್ಜು, ಗೌರವಧನ, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಫ್ಲೆಕ್ಸು, ಊಟ ಎಲ್ಲಾ ಸೇರಿ 22 ಸಾವಿರ ದಾಟಿತು. ಮಂಜೂರಾಗಿದ್ದು 10,000. ಆ ಬಿಲ್ಲು ಕೈಗೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಉಳಿದ ದುಡ್ಡು ನನ್ನ ಸಂಬಳದ್ದು. ವಿಷಯ ‘ಜಾಗತಿಕ ಸನ್ನಿವೇಶದಲ್ಲಿ ಮೌಲ್ಯಗಳು’. ಅವರು ಚೆನ್ನಾಗಿಯೇ ಮಾತಾಡಿದರು. ಆದರೆ ಕರೆಂಟು ಹೋಯಿತು, ಶೀಟಿನ ಮೇಲೆ ಮಳೆ ಬಡಿಯುವ ಸದ್ದಿಗೆ ಎರಡನೇ ಸಾಲಿನವರಿಗೇ ಏನೂ ಕೇಳಲಿಲ್ಲ. ಅಟೆಂಡೆನ್ಸ್‌ಗೆ ಅಂತ ಕೂರಿಸಿದ ಅರವತ್ತು ಮಕ್ಕಳು ಬಿಟ್ಟರೆ ಹೊರಗಿನವರು ಏಳು ಜನ. ಅವರಲ್ಲಿ ಇಬ್ಬರು ಮಳೆ ನಿಲ್ಲಲಿ ಅಂತ ಒಳಗೆ ಬಂದವರು.

ಎರಡನೇ ಸಲ ನಾನೇ ಮಾತಾಡಿದೆ. ಟ್ರಾಲಿ ಸಮಸ್ಯೆ ಹೇಳಿದೆ. ಬ್ರಿಟನ್ನಿನ ತತ್ವಶಾಸ್ತ್ರಜ್ಞೆ ಫಿಲಿಪ್ಪಾ ಫುಟ್ 1967ರಲ್ಲಿ ಬರೆದದ್ದು. ಐದು ಜನರ ಕಡೆ ಹೋಗುತ್ತಿರುವ ಗಾಡಿಯನ್ನು ಒಬ್ಬನಿರುವ ಹಳಿಗೆ ತಿರುಗಿಸಬಹುದಾ ಅನ್ನೋ ಪ್ರಶ್ನೆ. ಒಬ್ಬ ಹಿರಿಯ ಬೆಳೆಗಾರರು ಎದ್ದು ನಿಂತು, “ನಮ್ಮ ಜಿಲ್ಲೆಯಲ್ಲಿ ಒಂದು ರೈಲು ಹಳಿಯೂ ಇಲ್ಲಮ್ಮ. ಹೋದ ವರ್ಷ ಗುಡ್ಡ ಕುಸಿದಾಗ ಯಾರನ್ನ ಮೊದಲು ಎತ್ತಬೇಕಿತ್ತು, ಅದನ್ನ ಹೇಳು” ಅಂದರು. 2018ರ ಆಗಸ್ಟ್ ಎಲ್ಲರ ಕಣ್ಣಮುಂದೆ ಇತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅವರು ಕೇಳಿದ್ದೇ ಸರಿಯಾದ ಪ್ರಶ್ನೆ ಅಂತ ಬೆಳಗಿನ ಹೊತ್ತಿಗೆ ಖಾತ್ರಿಯಾಯಿತು.

ಆಮೇಲೆ ಕೋವಿಡ್ ಬಂತು, ಎರಡು ವರ್ಷ ಎಲ್ಲ ನಿಂತಿತು. 2022ರಲ್ಲಿ ಮತ್ತೆ ಶುರುಮಾಡುವಾಗ ಉಪನ್ಯಾಸವನ್ನೇ ತೆಗೆದುಹಾಕಿದೆ. ಈಗ ನಾನು ಮಾಡುವುದು ಹೀಗೆ. ಒಂದೇ ಪುಟದ ಒಂದು ಪ್ರಕರಣ, ಇಲ್ಲಿನದೇ, ಹೆಸರು ಬದಲಿಸಿ ಬರೆದದ್ದು. ವಿದ್ಯಾರ್ಥಿಯೊಬ್ಬರು ನಿಧಾನವಾಗಿ ಓದುತ್ತಾರೆ. ತಕ್ಷಣ ಮತ. ಆಮೇಲೆ ಆ ಕಷ್ಟ ಅನುಭವಿಸಿದ ಮೂವರು ಮಾತಾಡುತ್ತಾರೆ, ತಲಾ 12 ನಿಮಿಷ. ಸಭೆಯ ಮಾತು ಒಂದು ಗಂಟೆ. ಮತ್ತೆ ಮತ. ಪರಿಣತರು ಕೊನೆಯ ಹದಿನೈದು ನಿಮಿಷ ಮಾತ್ರ ಬಾಯಿ ತೆರೆಯಬೇಕು. ಸ್ವಂತ ಇಷ್ಟ, ಒಳಿತು, ಕೆಡುಕು ಮಾಡದಿರುವುದು, ನ್ಯಾಯ ಅನ್ನೋ ನಾಲ್ಕು ತತ್ವಗಳನ್ನು ಆಗ ಹೇಳಿದರೆ ಜನ ತಲೆದೂಗುತ್ತಾರೆ. ಮೊದಲೇ ಹೇಳಿದರೆ ಆಕಳಿಸುತ್ತಾರೆ. ಎರಡನ್ನೂ ಮಾಡಿ ನೋಡಿದ್ದೇನೆ.

ಮತ ಹಾಕಿಸುವುದರಲ್ಲಿ ತುಂಬಾ ಪೆಟ್ಟು ತಿಂದೆ. ಮೊದಲು ಕೈ ಎತ್ತಿಸಿದೆ. ತೋಟದ ಕೆಲಸದವರು ಮಾಲೀಕರ ಮುಖ ನೋಡಿ ಆಮೇಲೆ ಕೈ ಎತ್ತುತ್ತಿದ್ದರು. ಚೀಟಿ ಕೊಟ್ಟರೆ ಓದು ಬರದವರು ಹಿಂದೆ ಸರಿದರು. ಹೌದು ಅನ್ನೋದಕ್ಕೆ ಕಾಫಿ ಬೀಜ, ಬೇಡ ಅನ್ನೋದಕ್ಕೆ ಕರಿಮೆಣಸು ಕೊಟ್ಟೆ. ಮೆಣಸು ಕುರ್ಚಿ ಕೆಳಗೆಲ್ಲ ಉರುಳಿತು, ಲೆಕ್ಕದಲ್ಲಿ ಹನ್ನೊಂದು ಕಮ್ಮಿ ಬಂತು. ಈಗ ಎರಡೂ ಕಾಫಿಯೇ. ಹುರಿದದ್ದು ಹೌದು, ಹುರಿಯದ್ದು ಬೇಡ. ಬಟ್ಟೆ ಮುಚ್ಚಿದ ಮಡಕೆಯೊಳಗೆ ಕೈ ಹಾಕಿ ಒಂದು ಬೀಜ ಬಿಟ್ಟು ಬರುವುದು. ಯಾರು ಏನು ಹಾಕಿದರು ಅಂತ ಯಾರಿಗೂ ಕಾಣುವುದಿಲ್ಲ. ಖರ್ಚು ಹತ್ತು ರೂಪಾಯಿ ಕೂಡ ಇಲ್ಲ.

ಈ ವಿಧಾನ ನಿಜವಾಗಿ ಕೈಹಿಡಿದದ್ದು ಆನೆ ವಿಷಯದಲ್ಲಿ. ಜನರನ್ನು ಕೊಂದ ಆನೆಯನ್ನು ಹಿಡಿದು ಬೇರೆ ಕಾಡಿಗೆ ಬಿಡಬೇಕಾ ಅನ್ನೋ ಪ್ರಶ್ನೆ. ಮೊದಲ ಮತದಲ್ಲಿ ಹೌದು ಅಂದವರು ಅರವತ್ತರ ಹತ್ತಿರ, ಬೇಡ ಅಂದವರು ಇಪ್ಪತ್ತರೊಳಗೆ. ಹಾಗೆ ಸಾಗಿಸಿದ ಆನೆಗಳು ವಾಪಸು ಬರುತ್ತವೆ, ಇಲ್ಲವೇ ಹೊಸ ಜಾಗದಲ್ಲಿ ಮತ್ತೆ ಗಲಾಟೆ ಶುರುವಾಗುತ್ತದೆ ಅಂತ ಶ್ರೀಲಂಕಾದಲ್ಲಿ ರೇಡಿಯೋ ಕಾಲರ್ ಹಾಕಿ ನಡೆಸಿದ ಅಧ್ಯಯನ 2012ರಲ್ಲೇ ತೋರಿಸಿದೆ. ನಾನು ಅದನ್ನೇ ದೊಡ್ಡ ಅಸ್ತ್ರ ಅಂದುಕೊಂಡು ಕೂತಿದ್ದೆ. ಅಷ್ಟರಲ್ಲಿ ಲೈನ್ ಮನೆಯ, ಅಂದರೆ ತೋಟದ ಕೆಲಸದವರು ಇರುವ ಸಾಲು ಮನೆಯ, ಒಬ್ಬ ಹೆಂಗಸು ಮಾತಾಡಿದರು. “ಆನೆ ಹಿಡಿದರೂ ಬಿಟ್ಟರೂ ಬೆಳಿಗ್ಗೆ ಮಂಜಿನಲ್ಲಿ ತೋಟಕ್ಕೆ ನಡೆದು ಹೋಗೋರು ನಾವು. ಒಂದು ಜೀಪು ಕಳಿಸಿ ಅಂದ್ರೆ ಯಾರೂ ಕಳಿಸಲ್ಲ.” ಸಭೆ ಸುಮ್ನೆ ಆಯಿತು. ಅಲ್ಲಿಂದ ಮುಂದೆ ಮಾತು ಆನೆಯದ್ದಲ್ಲ, ಅಪಾಯ ಯಾರ ತಲೆ ಮೇಲೆ ಬೀಳುತ್ತದೆ ಅನ್ನೋದು. ಎರಡನೇ ಮತ ಹೆಚ್ಚುಕಮ್ಮಿ ಸರಿಸಮ ಬಂತು. ಆಮೇಲೆ ಇಬ್ಬರು ತೋಟದವರು ಬೆಳಿಗ್ಗೆ ಜೀಪು ಕಳಿಸಲು ಶುರುಮಾಡಿದರು. ಯಾವ ಉಪನ್ಯಾಸದಿಂದ ಇಷ್ಟು ಆಗಿತ್ತು ಹೇಳಿ?

ಜನ ಜಾಸ್ತಿ ಬಂದಿದ್ದು ಸಾವಿನ ವಿಷಯಕ್ಕೆ. ವಾಸಿಯಾಗದ ಹಂತ ತಲುಪಿದಾಗ ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಒಪ್ಪಿತು. ಆದರೆ ಮ್ಯಾಜಿಸ್ಟ್ರೇಟರ ಸಹಿ ಬೇಕು ಅಂತ ಇತ್ತು. 2023ರಲ್ಲಿ ಅದನ್ನು ಸಡಿಲ ಮಾಡಿ, ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಇದ್ದರೆ ಸಾಕು ಅಂದಿತು. 2025ರ ಜನವರಿ ಕೊನೆಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಅದರ ಬಗ್ಗೆ ಸುತ್ತೋಲೆ ಹೊರಡಿಸಿತು. ಆ ಅಕ್ಟೋಬರಿನಲ್ಲಿ ಈ ಪ್ರಕರಣ ಇಟ್ಟೆ: ಅಪ್ಪ ಬರೆದಿಟ್ಟಿದ್ದಾರೆ, ವಿದೇಶದಲ್ಲಿರುವ ಮಗ ನಾನು ಬರುವವರೆಗೆ ಮೆಷಿನ್ ತೆಗೀಬೇಡಿ ಅನ್ನುತ್ತಾನೆ, ಜೊತೆಯಲ್ಲಿರುವ ಮಗಳು ಅಪ್ಪನ ಮಾತು ನಡೀಲಿ ಅನ್ನುತ್ತಾಳೆ. ಕೊಡಗಿನಲ್ಲಿ ಮಕ್ಕಳು ಹೊರಗಿರದ ಮನೆ ಎಷ್ಟಿದೆ? ಮುಗಿದ ಮೇಲೂ ಜನ ಎದ್ದು ಹೋಗಲಿಲ್ಲ. ಹತ್ತಿಪ್ಪತ್ತು ಮಂದಿ ಹಾಗೆ ಬರೆದಿಡುವ ಕಾಗದದ ನಮೂನೆ ಕೇಳಿ ತೆಗೆದುಕೊಂಡು ಹೋದರು. ನಮ್ಮ ಹುಡುಗರು ಕೆಲವರನ್ನು ಕೊನೇ ಬಸ್ಸಿಗೆ ಬೈಕಿನಲ್ಲಿ ಬಿಟ್ಟುಬಂದರು.

ಜಾಗದ ಬಗ್ಗೆ ಒಂದು ಮಾತು. ಸಭಾಂಗಣ ಬಿಟ್ಟು ಹೊರಗೆ ಹೋದರೆ ಜನ ಬಿಚ್ಚು ಮನಸ್ಸಿನಿಂದ ಮಾತಾಡುತ್ತಾರೆ ಅಂತ ನಂಬಿದ್ದೆ. ಒಂದು ಐನ್‌ಮನೆಯಲ್ಲಿ, ಅಂದರೆ ಕೊಡವ ಕುಟುಂಬದ ಹಿರಿಯರ ಮೂಲ ಮನೆಯಲ್ಲಿ, ಮಾಡಿದೆ. ಮನೆಯವರು ಪ್ರೀತಿಯಿಂದ ನೋಡಿಕೊಂಡರು, ಆದರೆ ಆ ಕುಟುಂಬದವರಲ್ಲದವರು ಹೆಚ್ಚು ಬರಲಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಮಾಡಿದೆ. ಕೆಲಸದವರು ಕಣದ ಅಂಚಿನಲ್ಲೇ ನಿಂತರು, ಕುರ್ಚಿ ಕೊಟ್ಟರೂ ಕೂರಲಿಲ್ಲ. ಅಸ್ಸಾಂನಿಂದ ಬಂದ ಕೆಲಸದವರ ಆಧಾರ್ ಕಾರ್ಡ್ ಮಾಲೀಕರು ಇಟ್ಟುಕೊಳ್ಳಬಹುದಾ ಅನ್ನೋ ಪ್ರಶ್ನೆಯನ್ನು ಮಾಲೀಕರ ಕಣದಲ್ಲೇ ಕೇಳಿದ್ದು ನನ್ನದೇ ತಪ್ಪು. ಕಾಲೇಜಿಗೆ ವಾಪಸು ಬಂದೆ. ಇಲ್ಲಿ ಎಲ್ಲರೂ ಅತಿಥಿಗಳೇ. ವೇದಿಕೆ ಬಿಟ್ಟು ಕುರ್ಚಿಗಳನ್ನು ಸುತ್ತಲೂ ಹಾಕಿಸುತ್ತೇನೆ, ಅಷ್ಟೇ ಬದಲಾವಣೆ.

ಮಳೆಗಾಲದಲ್ಲಿ ಸಭೆ ಮಾಡುವುದಿಲ್ಲ. ಬದಲಿಗೆ ಪ್ರಕರಣವನ್ನು ಐದು ನಿಮಿಷದ ಧ್ವನಿ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ ನೋಡಿದೆ. ಒಂದನ್ನು ಕೊಡವ ತಕ್ಕಿನಲ್ಲಿ, ಒಂದನ್ನು ಅರೆಭಾಷೆಯಲ್ಲಿ ಓದಿಸಿದೆ. ಆ ಎರಡಕ್ಕೆ ಕನ್ನಡದ್ದಕ್ಕಿಂತ ಮೂರು ಪಟ್ಟು ಉತ್ತರ ಬಂತು. ಅದರಲ್ಲೂ ಅಜ್ಜಿಯರದ್ದು. ಅದನ್ನು ಮುಂದುವರಿಸುತ್ತಿದ್ದೇನೆ. ಡಿಸೆಂಬರಿನಿಂದ ಮಾರ್ಚ್ ತನಕ ಕುಯ್ಲು, ಆಮೇಲೆ ಕಾಫಿ ಹೂ ಬಿಡಿಸುವ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಕೆಲಸ, ಆಗ ಯಾರನ್ನೂ ಕರೆಯಬೇಡಿ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ, ನವೆಂಬರ್ ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿಯ ಒಳಗೆ ನಿಮಗೆ ಸಿಗುವ ದಿನಗಳು.

ಈಗ ಒಂದು ಕಾರ್ಯಕ್ರಮಕ್ಕೆ 3,500 ಆಸುಪಾಸು. ಬೆಲ್ಲದ ಕಾಫಿ, ಬಾಳೆಹಣ್ಣಿನ ಬಜ್ಜಿ, ಮಾತಾಡುವವರ ಬಸ್ ಚಾರ್ಜು ಮತ್ತು ಆ ದಿನದ ಕೂಲಿ. ಕೂಲಿ ಕೊಡಲೇಬೇಕು. ಕೆಲಸ ಬಿಟ್ಟು ಬಂದವರಿಗೆ ಶಾಲು ಹೊದೆಸಿ ಕಳಿಸುವುದು ಸರಿಯಲ್ಲ. ಶಾಲು, ಹಾರ ಪೂರ್ತಿ ಬಂದ್. ಇಲ್ಲಿವರೆಗೆ ಹದಿನೆಂಟೋ ಹತ್ತೊಂಬತ್ತೋ ಕಾರ್ಯಕ್ರಮ ಆಗಿರಬೇಕು.

ಸಭೆಯಲ್ಲಿ ಮೊದಲ ಮಾತು ಯಾರ ಬಾಯಿಂದ ಬರುವಂತೆ ಮಾಡುತ್ತೇನೆ, ಹೇಗೆ ಮಾಡುತ್ತೇನೆ ಅನ್ನೋದನ್ನು ಬರೆಯುವುದಿಲ್ಲ. ಅದು ಗೊತ್ತಾದರೆ ನಮ್ಮಲ್ಲಿ ಅದು ಕೆಲಸ ಮಾಡುವುದಿಲ್ಲ. ಪ್ರಕರಣದ ಕೊನೆಯ ಸಾಲಿನಲ್ಲೂ ಒಂದು ಉಪಾಯ ಇದೆ. ಬಂದು ಕೇಳಿದವರಿಗೆ ತೋರಿಸುತ್ತೇನೆ.

ಬಸ್ ಚಾರ್ಜಿನ ಪ್ರಶ್ನೆ ಕೇಳಿದ್ದ ಆ ಹಿರಿಯರು ಈಗ ನಿವೃತ್ತರು. ಹೋದ ಮೂರು ಸಭೆಗೂ ಬಂದಿದ್ದಾರೆ, ಬೀಜ ಎಣಿಸುವುದು ಅವರೇ.

ಮುಂದಿನದು ಹಲಸಿನ ವಿಷಯ. ಹಣ್ಣು ತಿನ್ನಲು ಆನೆ ಬರುತ್ತದೆ ಅಂತ ತೋಟದ ಹಲಸಿನ ಕಾಯನ್ನೆಲ್ಲ ಎಳೆಯದರಲ್ಲೇ ಕಡಿದು ಹಾಕಬಹುದಾ ಅಂತ. ಲೈನ್ ಮನೆಯಿಂದ ಬರುವ ನಮ್ಮ ಎರಡನೇ ಬಿಎ ಹುಡುಗಿಯೊಬ್ಬಳು ಪ್ರಕರಣ ಬರೆಯುತ್ತಿದ್ದಾಳೆ. ಮೂರು ಸಲ ತಿದ್ದಿಸಿದ್ದೇನೆ. ಇನ್ನೂ ಒಂದು ಪುಟಕ್ಕೆ ಇಳಿದಿಲ್ಲ.