ಹಲಗೆಯ ಮೇಲೆ ತಿನಿಸು: ಹಸಿ ಬೇರೆ, ಒಣ ಬೇರೆ

ಈಗ ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲೂ ನಾಲ್ಕು ಮಂದಿ ಬರುತ್ತಾರೆ ಅಂದರೆ ಮಕ್ಕಳು ಶಾರ್ಕ್ಯುಟರಿ ಬೋರ್ಡ್ ಮಾಡೋಣ ಅನ್ನುತ್ತಾರೆ. ಫ್ರಾನ್ಸಿನವರ ಪದ್ಧತಿ ಅದು. ಉಪ್ಪು ಹಚ್ಚಿ ಒಣಗಿಸಿದ, ಹೊಗೆ ಕೊಟ್ಟ ಹಂದಿ ಮಾಂಸವನ್ನು ತೆಳ್ಳಗೆ ಕೊಯ್ದು ಮರದ ಹಲಗೆಯ ಮೇಲೆ ಇಡುತ್ತಾರೆ. ಹ್ಯಾಮ್, ಸಲಾಮಿ ಅಂದರೆ ಅವೇ. ಪಕ್ಕಕ್ಕೆ ಬ್ರೆಡ್ಡು, ವಿನೆಗರ್‌ನಲ್ಲಿ ನೆನೆಸಿದ ಪುಟ್ಟ ಸವತೆಕಾಯಿ, ಸಾಸಿವೆ ಸಾಸ್. ಈಗೀಗ ಚೀಸು, ಹಣ್ಣೂ ಸೇರಿವೆ. ಜಿಡ್ಡಿಗೆ ಹುಳಿ ಬೇಕು, ಮೆತ್ತಗಿನದಕ್ಕೆ ಗರಿಗರಿ ಬೇಕು, ಉಪ್ಪಿಗೆ ಸ್ವಲ್ಪ ಸಿಹಿ ಬೇಕು. ನಮ್ಮ ರೊಟ್ಟಿ ಊಟದಲ್ಲೂ ಇದೇ ಅಲ್ವಾ ಇರೋದು? ಹಾಗಾಗಿ ನಮ್ಮ ಪದಾರ್ಥದಿಂದಲೇ ಹಲಗೆ ತುಂಬಿಸಿ ಅಂತ ನಾನು ಹೇಳುತ್ತೇನೆ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದೇ. ಮನೆಯಾಕೆ ಬಂದವರ ಜೊತೆ ಕೂತು ಮಾತಾಡಬಹುದು. ಮಿರ್ಚಿ ಭಜಿ ಕರಿಯಲು ನಿಂತರೆ ಮಾತೆಲ್ಲ ಪಡಸಾಲೆಯಲ್ಲೇ ಮುಗಿದು ಹೋಗುತ್ತದೆ.

ಮೊದಲು ರೊಟ್ಟಿ. ಸಜ್ಜೆಯ ಅಥವಾ ಜೋಳದ ಕಟಕ ರೊಟ್ಟಿ, ಎಳ್ಳು ಹಚ್ಚಿದ್ದಾದರೆ ಇನ್ನೂ ಒಳ್ಳೆಯದು. ಬಿಸ್ಕತ್ತು ತರುವ ಅಗತ್ಯವೇ ಇಲ್ಲ. ಎಂಟು ಮಂದಿಗೆ ಆರು ದೊಡ್ಡ ರೊಟ್ಟಿ ಸಾಕು. ಅಂಗೈಯಷ್ಟು ದೊಡ್ಡ ಚೂರು ಮಾಡಿ. ಸಣ್ಣ ಮಾಡಿದರೆ ಚಟ್ನಿ ಎತ್ತುವಾಗ ಮುರಿಯುತ್ತದೆ. ಮಳೆಗಾಲದಲ್ಲಿ ಡಬ್ಬಿಯಿಂದ ತೆಗೆದ ಮೇಲೆ ಹಂಚಿನ ಮೇಲೆ ಒಂದು ಸಲ ಬೆಚ್ಚಗೆ ಮಾಡಿ, ಪೂರ್ತಿ ಆರಿಸಿ, ಆಮೇಲೆ ಇಡಿ.

ಇನ್ನು ಹಿಂಡಿ, ಅಂದರೆ ಚಟ್ನಿಪುಡಿ. ಇಲ್ಲಿ ಕೈ ಬಿಗಿ ಹಿಡಿಯಬೇಡಿ. ಶೇಂಗಾ ಹಿಂಡಿಯನ್ನು ಗಟ್ಟಿ ಮೊಸರಲ್ಲಿ ಕಲಸಿ ಒಂದು ಬಟ್ಟಲು. ಗುರೆಳ್ಳು ಹಿಂಡಿ ಒಣದೇ ಇರಲಿ, ಪಕ್ಕದಲ್ಲಿ ಬೆಣ್ಣೆ ಇಡಿ. ಮೂರನೆಯದು ರಂಜಕ, ಅಂದರೆ ಹಸಿ ಕೆಂಪು ಮೆಣಸಿನಕಾಯಿಯ ಚಟ್ನಿ, ಮೇಲೆ ಒಂದು ಚಮಚ ಎಣ್ಣೆ. ಹೊರಗಿನವರು ಬಂದಿದ್ದರೆ ಅದನ್ನು ಸಣ್ಣ ಬಟ್ಟಲಲ್ಲಿ ಇಟ್ಟು, ಖಾರ ಇದೆ ಅಂತ ಬಾಯಿಬಿಟ್ಟು ಹೇಳಿ. ಹಿಂಡಿಗೆ ಬ್ಯಾಡಗಿ ಮೆಣಸಿನಕಾಯಿಯನ್ನೇ ಹಾಕಿ. ಹಾವೇರಿ ಜಿಲ್ಲೆಯ ಈ ಕಾಯಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ, ಹಲಗೆ ಕೆಂಪಗೆ ಕಾಣುತ್ತದೆ, ಯಾರ ನಾಲಿಗೆಯೂ ಸುಡುವುದಿಲ್ಲ.

ಈಗ ಮುಖ್ಯ ಮಾತು. ಹಸಿ ಮತ್ತು ಒಣ ಎಂದೂ ತಾಗಬಾರದು. ಹಲಗೆ ಕೆಡುವುದು ಇಲ್ಲೇ. ಸವತೆಕಾಯಿ ನೀರು ಬಿಟ್ಟು ರೊಟ್ಟಿ ಮೆತ್ತಗಾಗುತ್ತದೆ, ಪೇಢೆಯ ಮೇಲಿನ ಸಕ್ಕರೆ ಕರಗುತ್ತದೆ, ಸವಣೂರಿನ ಖಾರಾ (ಕುರುಕಲು ತಿಂಡಿ) ಒದ್ದೆಯಾಗುತ್ತದೆ. ಅದಕ್ಕೆ ಮೊದಲು ಬಟ್ಟಲುಗಳನ್ನು ಇಟ್ಟು ಜಾಗ ನೋಡಿಕೊಳ್ಳಿ. ಒಂದು ಬದಿಗೆ ಸವತೆಕಾಯಿ, ಗಜ್ಜರಿ, ಮೂಲಂಗಿ. ಹಕ್ಕರಕಿ ಸೊಪ್ಪು ಸಿಕ್ಕರೆ ಅದನ್ನೂ ಇಡಿ. ಕೊಯ್ದ ಮೇಲೆ ಬಟ್ಟೆಯಲ್ಲಿ ಒರೆಸಿ, ಕೆಳಗೆ ಬಾಳೆ ಎಲೆಯ ತುಂಡು ಹಾಕಿ. ಇನ್ನೊಂದು ಬದಿಗೆ ರೊಟ್ಟಿ, ಖಾರಾ, ಹುರಿದ ಶೇಂಗಾ. ನಡುವೆ ಬಟ್ಟಲುಗಳು ಗೋಡೆಯ ಹಾಗೆ ನಿಲ್ಲಲಿ. ಉಪ್ಪನ್ನು ಕಾಯಿಪಲ್ಲೆ ಮೇಲೆ ಮೊದಲೇ ಉದುರಿಸಬೇಡಿ, ಬೇಗ ನೀರು ಬಿಡುತ್ತದೆ.

ಚೀಸ್ ಇಡುವವರು ತಲೆಗೆ 50 ಗ್ರಾಂ ಲೆಕ್ಕ ಹಿಡಿಯಿರಿ. ಬಡಿಸುವ ಅರ್ಧ ಗಂಟೆ ಮೊದಲು ಫ್ರಿಜ್ಜಿನಿಂದ ತೆಗೆದರೆ ರುಚಿ ಬರುತ್ತದೆ. ಏಪ್ರಿಲ್-ಮೇ ಬಿಸಿಲಿಗೆ ಅಷ್ಟೂ ಬೇಡ. ಚೀಸು, ಮಾಂಸ, ಮೊಸರು ಕಲಸಿದ ಹಿಂಡಿ ಯಾವುದೂ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಸ್ವಲ್ಪ ಸ್ವಲ್ಪ ಇಟ್ಟು, ಖಾಲಿಯಾದ ಮೇಲೆ ಬೇರೆ ಬಟ್ಟಲಲ್ಲಿ ಹೊಸದು ತನ್ನಿ.

ಮಾಂಸ ಇಡುವ ಮನೆಯವರು ಎರಡು ಹಲಗೆ ಮಾಡಿ, ಎರಡು ಚಾಕು ಇಡಿ. ಒಂದೇ ಹಲಗೆಯ ಮೂಲೆಯಲ್ಲಿ ಸಲಾಮಿ ಇಟ್ಟರೂ ನಮ್ಮಲ್ಲಿ ಎಷ್ಟೋ ಮಂದಿ ಆ ಹಲಗೆಯನ್ನೇ ಮುಟ್ಟುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ. ಅವರು ಹಸಿದು ಹೋಗಬಾರದು. ಗೋವಾದ ಹಂದಿ ಮಾಂಸದ ಸಾಸೇಜು ಚೌರಿಸೊ ತಂದಿದ್ದರೆ ಅದು ಸಲಾಮಿಯಂತೆ ಹಾಗೇ ತಿನ್ನುವುದಲ್ಲ, ಬೇಯಿಸಲೇಬೇಕು. ಶೇಂಗಾ ಆಗದವರು ಇದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ. ಸಣ್ಣ ಮಕ್ಕಳ ಕೈಗೆ ಇಡೀ ಶೇಂಗಾ ಸಿಗದಂತೆ ನೋಡಿಕೊಳ್ಳಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಸಿಹಿಗೆ ಧಾರವಾಡ ಪೇಢೆ, ಕರದಂಟು. ಕರದಂಟನ್ನು ಸಣ್ಣ ತುಂಡು ಮಾಡಿ, ಇಡೀ ಇಟ್ಟರೆ ಯಾರೂ ಮುಟ್ಟುವುದಿಲ್ಲ. ಹಣ್ಣು ಆಯಾ ಕಾಲದ್ದು: ನವಲಗುಂದದ ಪೇರಲ, ಬೇಸಿಗೆಯಲ್ಲಿ ನಮ್ಮ ಆಪೂಸ್. ಪೇರಲ, ಸೇಬು ಕಪ್ಪಾಗದಿರಲು ನಿಂಬೆರಸದ ನೀರಲ್ಲಿ ಅದ್ದಿ ಒರೆಸಿ.

ಹಲಗೆಗೆ ದುಡ್ಡು ಸುರಿಯಬೇಡಿ. ಸಾಗವಾನಿಯದು ಇದ್ದರೆ ಚೆಂದ, ಇಲ್ಲದಿದ್ದರೆ ದೊಡ್ಡ ಪರಾತವೇ ಸಾಕು. ಮರದ್ದನ್ನು ನೀರಲ್ಲಿ ನೆನೆಹಾಕಬೇಡಿ, ಸೀಳುತ್ತದೆ. ಉಪ್ಪು, ನಿಂಬೆ ಹೋಳಿನಿಂದ ತಿಕ್ಕಿ ತೊಳೆದು, ನೆರಳಲ್ಲಿ ನಿಲ್ಲಿಸಿ ಒಣಗಿಸಿ.

ಮಂದಿ ಕೈಯಾಡಿಸಿದ ಹಿಂಡಿಯನ್ನು ಮತ್ತೆ ಡಬ್ಬಿಗೆ ಹಾಕಬೇಡಿ, ಡಬ್ಬಿ ಪೂರ್ತಿ ಕೆಡುತ್ತದೆ. ಉಳಿದ ರೊಟ್ಟಿ ಚೂರುಗಳಿಗೆ ನೀರು ಚಿಮುಕಿಸಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟರೆ ಮರುದಿನ ಬೆಳಗಿನ ನಾಷ್ಟಾ ಆಯಿತು.